ಒಂದು ಮುಷ್ಟಿ ಕೊಸರು

ಶಾಲೆ ಮುಗಿಸಿದ ಹದಿನೇಳನೇ ದಿನ ತೂಕ-ಅಳತೆ ಕಚೇರಿಯ ಕಾಗದ ಹಿಡಿದುಕೊಂಡು ಕಡ್ಡಿ ಮನೆಗೆ ಬಂದಳು. ಅಪ್ಪ ಅಂಗಡಿಯಲ್ಲಿ ಯಾರಿಗೋ ಸಕ್ಕರೆ ತೂಗುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಎರಡು ಕೋಣೆಯೇ ಮನೆ. ಹಾಗಾಗಿ ಅಲ್ಲಿ ವ್ಯಾಪಾರದ ಸುದ್ದಿ ಅಡುಗೆಮನೆಗೂ ಅಡುಗೆಮನೆಯ ಜಗಳ ಗಿರಾಕಿಗೂ ಪುಕ್ಕಟೆಯಾಗಿ ಸಿಗುತ್ತಿತ್ತು. ಅಪ್ಪ ಕಾಗದ ಓದಿ, ಸಕ್ಕರೆಯನ್ನು ತಕ್ಕಡಿಯಲ್ಲೇ ಬಿಟ್ಟು ಒಳಗೆ ಬಂದ.

"ತರಬೇತಿ ಅಂದ್ರೆ ಏನೇ? ಕೆಲಸಾನಾ, ಕೂಲಿನಾ?"

"ಎರಡು ವರ್ಷ ಕೆಲಸ ಮಾಡ್ತಾ ಕಲಿಯೋದು. ಅಲ್ಲೀವರೆಗೂ ಅರ್ಧ ಸಂಬಳ. ಆಮೇಲೆ ಕಾಯಂ."

"ಮತ್ತೆ ಕಾಲೇಜು?"

"ಅಣ್ಣ ನನ್ನ ಪಾಲಿಂದೂ ಸೇರಿಸಿ ಓದಿದಾನಲ್ಲ."

ಅಣ್ಣ ಮಂಚದ ಮೇಲಿಂದ ಒಂದು ಕಣ್ಣು ತೆರೆದ. ಮೂರು ವರ್ಷದಿಂದ ಅವನ ಪದವಿ ಗೋಡೆಯ ಮೇಲಿತ್ತು, ಅವನು ಮಂಚದ ಮೇಲಿದ್ದ. ಇಬ್ಬರಿಗೂ ಧೂಳು ಕೂತಿತ್ತು ಎಂದರೆ ತಪ್ಪಾಗುತ್ತದೆ. ಪದವಿಯನ್ನು ಅಮ್ಮ ಆಗಾಗ ಒರೆಸುತ್ತಿದ್ದಳು.

ಕಡ್ಡಿ ಎಂಬುದು ಹುಡುಗಿ ಹುಟ್ಟಿದಾಗ ಕಡ್ಡಿಯ ಹಾಗಿದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು. ಬೆಳೆದ ಮೇಲೆ ಮೈ ತುಂಬಿತು, ಆದರೆ ಮಾತು ಮಾತ್ರ ಕಡ್ಡಿ ಮುರಿದ ಹಾಗೆ ಬರುತ್ತಿದ್ದುದರಿಂದ ಹೆಸರು ಉಳಿಯಿತು.

"ಊರಲ್ಲಿ ಇಷ್ಟು ಕಚೇರಿ ಇರುವಾಗ ಅದೇ ಸಿಕ್ತಾ ನಿನಗೆ? ನಮ್ಮಂಥ ಅಂಗಡಿಯವರ ಕುತ್ತಿಗೆ ಹಿಡಿಯೋ ಇಲಾಖೆ ಅದು. ನಾಳೆ ಈ ಬೀದಿಯವರಿಗೆ ನಾನು ಹೇಗೆ ಮುಖ ತೋರಿಸ್ಲಿ?" ಎಂದ ಅಪ್ಪ.

"ಯಾಕೆ? ಬೀದಿಯವರೆಲ್ಲ ಕಮ್ಮಿ ತೂಗ್ತಾರಾ?"

ಅಪ್ಪ ಬಾಯಿ ತೆರೆಯುವ ಮೊದಲೇ ನಡುಬಾಗಿಲ ಹತ್ತಿರದ ಮುಕ್ಕಾಲಿಯಿಂದ ಅಜ್ಜಿಯ ದನಿ ಬಂತು. "ಹೋಗ್ಲಿ ಬಿಡೋ. ನ್ಯಾಯವಾಗಿ ತೂಗೋದು ಹೇಗೆ ಅಂತ ನಮ್ಮನೆ ಹುಡುಗಿ ಸರ್ಕಾರದವರಿಗೂ ತೋರಿಸ್ಲಿ."

ಅಜ್ಜಿ ನಲವತ್ತು ವರ್ಷ ಆ ತಕ್ಕಡಿಯ ಹಿಂದೆ ನಿಂತವಳು. ಬೀದಿಯ ಅಂಗಡಿಗಳೆಲ್ಲ ಕರೆಂಟಿನ ತಕ್ಕಡಿ ತಂದರೂ ಅವಳು ಒಪ್ಪಲಿಲ್ಲ. "ಕರೆಂಟು ಹೋದ್ರೆ ಅದರ ನ್ಯಾಯಾನೂ ಹೋಗುತ್ತೆ" ಎನ್ನುತ್ತಿದ್ದಳು. ತೂಗಿ ಮುಗಿದ ಮೇಲೆ ಒಂದು ಮುಷ್ಟಿ ಕಾಳು ಹೆಚ್ಚಿಗೆ ಹಾಕುತ್ತಿದ್ದಳು, ಅದೇ ಕೊಸರು. ಆ ಕೊಸರಿಗಾಗಿಯೇ ಎರಡು ಬೀದಿ ದಾಟಿ ಬರುವವರಿದ್ದರು. ಎರಡು ವರ್ಷದ ಹಿಂದೆ ಅವಳ ಮೊಣಕಾಲು ಕೈಕೊಟ್ಟ ಮೇಲೆ ಅಪ್ಪ ತಕ್ಕಡಿಗೆ ಬಂದ. ಕೊಸರು ನಿಂತಿತು. "ಈ ಕಾಲದಲ್ಲಿ ಕೊಸರು ಹಾಕಿದ್ರೆ ಅಂಗಡಿಗೆ ಬೀಗ ಹಾಕ್ಬೇಕು" ಎಂಬುದು ಅವನ ವಾದ.

ಹಾಗೆ ಅಜ್ಜಿಯ ಒಂದು ಮಾತಿನ ಬಲದಿಂದ ಕಡ್ಡಿ ಕೆಲಸಕ್ಕೆ ಹೊರಟಳು. ಬೆಳಿಗ್ಗೆ ಬುತ್ತಿ ಕಟ್ಟಿದವಳೂ ಅಜ್ಜಿಯೇ.

ಕಚೇರಿ ಹಳೆಯ ಕಟ್ಟಡ. ಒಳಗಿನ ಕೋಣೆಯಲ್ಲಿ ಫ್ಯಾನಿಲ್ಲ, ಕಿಟಕಿ ತೆರೆಯುವಂತಿಲ್ಲ. ಗಾಳಿ ಸೋಕಿದರೂ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಳ್ಳು ಅಲುಗುತ್ತದೆ. ಕಲಿಯಲು ಬಂದವರು ಮೂವರು. ಕಲಿಸುವವರು ಸೀಸದ ಮೇಷ್ಟ್ರು. ಕಮ್ಮಿ ಬಿದ್ದ ತೂಕದ ಕಲ್ಲಿನ ತಳದ ಗುಳಿಗೆ ಸೀಸ ಕಾಯಿಸಿ ಹೊಯ್ದು ಸರಿಮಾಡುವುದರಲ್ಲೇ ಮೂವತ್ತು ವರ್ಷ ಕಳೆದು, ಬೆರಳ ತುದಿಗಳೆಲ್ಲ ಸುಟ್ಟು ನುಣ್ಣಗಾಗಿದ್ದ ಮನುಷ್ಯ.

"ಎರಡು ತಿಂಗಳು ನೋಡ್ತೀವಿ. ಕೊನೇಲಿ ಒಂದು ಪೇಟೆ ಬೀದೀಲಿ ಶಿಬಿರ. ಅಂಗಡಿಯವರು ತರೋ ಕಲ್ಲನ್ನ ನೀವೇ ತೂಗಿ, ನೀವೇ ಹೇಳ್ಬೇಕು, ಪಾಸೋ ಫೇಲೋ ಅಂತ. ಅಲ್ಲಿ ಬಾಯಿ ತಡವರಿಸಿದವರನ್ನ ಇನ್ಸ್‌ಪೆಕ್ಟರ್ ಮೇಡಂ ಮನೆಗೆ ಕಳಿಸ್ತಾರೆ" ಎಂದರು ಮೇಷ್ಟ್ರು. "ಈಗ ಮೊದಲನೇ ಪಾಠ. ಕಲ್ಲನ್ನ ಬರಿಗೈಲಿ ಮುಟ್ಟಬೇಡಿ, ಬೆವರಿಗೂ ತೂಕ ಇದೆ. ಮೆತ್ತನೆ ಬಟ್ಟೇಲಿ ಒರೆಸಿ. ತಿಕ್ಕಿದ್ದು ಕಂಡ್ರೆ ಕೈ ಮುರೀತೀನಿ. ತಿಕ್ಕಿದಷ್ಟೂ ಸವೆಯುತ್ತೆ."

ಇನ್ನಿಬ್ಬರು ತಲೆಯಾಡಿಸಿದರು. ಕಡ್ಡಿ ಕೈಗವಸು ಹಾಕಿಕೊಳ್ಳುವುದನ್ನು ಮರೆತು ನಿಂತಳು. ಅವಳ ಕಣ್ಣ ಮುಂದೆ ಶನಿವಾರದ ಸಂಜೆ ಬಂದಿತ್ತು.

ಶನಿವಾರ ಸಂಜೆ ಅಂಗಡಿ ಮುಚ್ಚಿದ ಕೂಡಲೇ ಅಜ್ಜಿ ಹಿತ್ತಲಲ್ಲಿ ಕಾಲು ಚಾಚಿ ಕೂತು ತೂಕದ ಕಲ್ಲುಗಳನ್ನು ಸಾಲಾಗಿ ಇಟ್ಟುಕೊಳ್ಳುತ್ತಿದ್ದಳು. ಎರಡು ಕಿಲೋ, ಒಂದು ಕಿಲೋ, ಅರ್ಧ, ಕಾಲು. ಇಟ್ಟಿಗೆ ಪುಡಿ, ಬೂದಿ, ಒದ್ದೆ ಗೋಣಿಯ ತುಂಡು. ಕಬ್ಬಿಣ ಬೆಳ್ಳಿಯಾಗುವವರೆಗೂ ತಿಕ್ಕು. ನಲವತ್ತು ವರ್ಷ ಒಂದು ಶನಿವಾರವೂ ತಪ್ಪಿರಲಿಲ್ಲ. ಅಣ್ಣ ಹುಟ್ಟಿದ ದಿನ ಶನಿವಾರವಾದ್ದರಿಂದ ಭಾನುವಾರ ತಿಕ್ಕಿದಳು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

"ಅಜ್ಜಿ, ತಿಕ್ಕಬೇಡ. ಸವೆಯುತ್ತೆ" ಎಂದಳು ಕಡ್ಡಿ, ಆ ವಾರ.

"ಕಬ್ಬಿಣ ಸವೆಯುತ್ತಾ? ನಲವತ್ತು ವರ್ಷ ತಿಕ್ಕಿದೀನಿ, ನಾನೇ ಸವೆದಿಲ್ಲ."

"ನೀನೂ ಸವೆದಿದೀಯ."

"ಬಾಯಿ ನೋಡು! ಕೊಳೆ ಕಲ್ಲಿಟ್ಟು ತೂಗಿದ್ರೆ ವ್ಯಾಪಾರಾನೂ ಕೊಳೇನೇ ಕಣೇ."

ಕಡ್ಡಿ ಒಂದು ಕಿಲೋ ಕಲ್ಲನ್ನು ಎತ್ತಿ ಬೋರಲು ಹಾಕಿದಳು. ತಳದ ಗುಳಿಯಲ್ಲಿ ತುಂಬಿರಬೇಕಾದ ಸೀಸ ಬೆಣ್ಣೆಯ ಹಾಗೆ ಸವೆದು, ಹೆಬ್ಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು. ಪ್ರತಿ ವರ್ಷ ಅದೇ ಸೀಸದ ಮೇಲೆ ಸರ್ಕಾರದ ಮುದ್ರೆ ಬೀಳಬೇಕು. ಮುದ್ರೆಯ ಗುರುತೂ ಇರಲಿಲ್ಲ.

"ಮುದ್ರೆ ಎಲ್ಲಿ ಅಜ್ಜಿ?"

ಅಜ್ಜಿ ಕಿವಿ ಕೇಳದವಳಂತೆ ತಿಕ್ಕಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕಣ್ಣಲ್ಲೇ ಅಟ್ಟವನ್ನು ತೋರಿಸಿದಳು.

ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆ ಕಲ್ಲುಗಳು, ಕಪ್ಪು ಬಣ್ಣ ಕೂಡ ಮಾಸದ ಹೊಸವು. ಅಮ್ಮ ಪೊಟ್ಟಣ ಕಟ್ಟುತ್ತಾ ಕತೆ ಹೇಳಿದಳು. ಹನ್ನೆರಡು ವರ್ಷದ ಹಿಂದೆ ಕಚೇರಿಯವನೊಬ್ಬ ಮುದ್ರೆ ಹೊಡೆಯುವಾಗ ಉಳಿ ಜಾರಿ ಅರ್ಧ ಕಿಲೋ ಕಲ್ಲಿನ ಅಂಚು ಚಕ್ಕೆ ಎದ್ದಿತಂತೆ. ಅಜ್ಜ ಮದುವೆಯಾದ ವರ್ಷ ಕೊಂಡ ಕಲ್ಲು. ಇನ್ನು ಮೇಲೆ ಅನ್ಯರ ಕೈಗೆ ಇದನ್ನು ಕೊಡುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದಳು. ಅಪ್ಪ ತಾಯಿಗೂ ಎದುರಾಡಲಾರ, ಸರ್ಕಾರಕ್ಕೂ ಎದುರಾಡಲಾರ. ಹೊಸದೊಂದು ಜೊತೆ ಕೊಂಡು ತಂದ. ಅಂದಿನಿಂದ ಮುದ್ರೆ ಹಾಕಿಸಲು ಒಂದು ಜೊತೆ, ತೂಗಲು ಒಂದು ಜೊತೆ.

"ಮೋಸ ಮಾಡ್ಬೇಕು ಅಂತಲ್ಲ ಕಣೇ. ಮನೇಲಿ ಜಗಳ ಬೇಡ ಅಂತ" ಎಂದಳು ಅಮ್ಮ.

ಸೋಮವಾರ ಕಡ್ಡಿಯ ಬುತ್ತಿಚೀಲ ಒಂದು ಕಿಲೋ ಹೆಚ್ಚು ಭಾರವಿತ್ತು. ಸರಿಯಾಗಿ ಒಂದು ಕಿಲೋ ಅಲ್ಲ. ಗಾಜಿನ ಪೆಟ್ಟಿಗೆಯ ತಕ್ಕಡಿ ಒಂಬೈನೂರ ಎಪ್ಪತ್ತೇಳು ಗ್ರಾಂ ಎಂದು ಹೇಳಿತು.

"ಎಷ್ಟು ಹೆಚ್ಚುಕಮ್ಮಿ ಬಿಡಬಹುದು ಸಾರ್?"

"ಒಂದು ಚಿಟಿಕೆ ಉಪ್ಪಿನಷ್ಟು. ಇದು ಇಪ್ಪತ್ತಮೂರು ಗ್ರಾಂ. ಯಾವ ಅಂಗಡೀದು?"

"ನಮ್ಮದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಈ ಸಲದ ಶಿಬಿರ ನಿಮ್ಮ ಬೀದೀಲೇ ಇದೆ. ಹೇಳು, ನಿನ್ನನ್ನ ಬೇರೆ ಕಡೆ ಹಾಕಿಸ್ತೀನಿ. ತಪ್ಪೇನಿಲ್ಲ ಅದರಲ್ಲಿ."

"ಬೇಡ ಸಾರ್. ಬೇರೆಯವರ ಕಲ್ಲು ತೂಗೋಕೆ ಹೋದ್ರೆ ಅವರು ಕೇಳ್ತಾರೆ, ನಿಮ್ಮನೆ ಕಲ್ಲು ಯಾರು ತೂಗ್ತಾರೆ ಅಂತ. ನಾನೇ ಬರ್ತೀನಿ."

ಮನೆಯಲ್ಲಿ ಅಷ್ಟು ಹೊತ್ತಿಗೆ ಕಲ್ಲು ಕಾಣೆಯಾದ ಗಲಾಟೆ ನಡೆದಿತ್ತು. ಅಜ್ಜಿ ಅಣ್ಣನ ಮಂಚದ ಕೆಳಗೆ ಕೋಲು ಹಾಕಿ ಕೆದಕಿದ್ದಳು. "ಮಾರಿಕೊಂಡ್ಯೇನೋ?" ಎಂದು ಕೇಳಿದ್ದಳು. "ಕಲ್ಲು ಮಾರೋಕೂ ಎದ್ದು ಹೋಗ್ಬೇಕಲ್ಲ ಅಜ್ಜಿ" ಎಂದಿದ್ದ ಅವನು. ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಕಡ್ಡಿ ಬುತ್ತಿಚೀಲದಿಂದ ಕಲ್ಲನ್ನು ತೆಗೆದು ಅನ್ನದ ಪಾತ್ರೆಯ ಪಕ್ಕದಲ್ಲಿ ಇಟ್ಟಳು.

"ಇಪ್ಪತ್ತಮೂರು ಗ್ರಾಂ ಕಮ್ಮಿ ಇದೆ."

ಯಾರೂ ತುತ್ತು ಎತ್ತಲಿಲ್ಲ.

"ನಿನ್ನ ತಕ್ಕಡಿ ಕೆಟ್ಟಿರಬೇಕು" ಎಂದಳು ಅಜ್ಜಿ.

"ಅದು ಕೆಡೋ ತಕ್ಕಡಿ ಅಲ್ಲ ಅಜ್ಜಿ. ಊರಿನ ತಕ್ಕಡಿಗಳೆಲ್ಲ ಸರಿ ಇದಾವಾ ಅಂತ ನೋಡೋದೇ ಅದರಲ್ಲಿ."

"ನನ್ನ ಕೈಲಿ ಇವತ್ತಿನವರೆಗೂ ಯಾರಿಗೂ ಕಮ್ಮಿ ಹೋಗಿಲ್ಲ. ತೂಕದ ಮೇಲೆ ಮುಷ್ಟಿ ತುಂಬ ಕೊಸರು ಕೊಟ್ಟವಳು ನಾನು!"

"ನೀನು ಕೊಟ್ಟಿದ್ದು ಕೊಸರಲ್ಲ ಅಜ್ಜಿ. ಅವರದ್ದನ್ನೇ ಅವರಿಗೆ ವಾಪಸ್ ಕೊಟ್ಟಿದ್ದು."

ಹೇಳಿದ ಮೇಲೆ ಕಡ್ಡಿಗೂ ಗೊತ್ತಾಯಿತು, ಪೆಟ್ಟು ಎಲ್ಲಿ ಬಿತ್ತು ಎಂದು. ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿ, ಗೋಡೆ ಹಿಡಿದುಕೊಂಡು ಎದ್ದು ಹೋದಳು. ಅವಳ ಊಟದ ತಟ್ಟೆಯಲ್ಲಿ ಅನ್ನ ಬಿಟ್ಟದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

"ಮನೆಗೆ ಮಾರಿ, ಊರಿಗೆ ಉಪಕಾರಿ!" ಅಪ್ಪ ಕೈ ತೊಳೆಯದೆ ಕೂಗಿದ. "ಆಯ್ತಲ್ಲ ಸಮಾಧಾನ?"

"ಅಟ್ಟದ ಮೇಲಿರೋ ಕಲ್ಲು ಇಳಿಸಿ ಅದರಲ್ಲಿ ತೂಗು ಅಪ್ಪಾ. ಮುಗೀತು."

"ನಿನ್ನಜ್ಜಿ ಬದುಕಿರೋವಾಗ? ನೀನೇ ಹೇಳಿ ನೋಡು ಅವಳಿಗೆ."

ಹೇಳುವುದಕ್ಕೆ ಅಜ್ಜಿ ಮಾತಿಗೆ ಸಿಕ್ಕರೆ ತಾನೇ. ಮಾರನೆಯ ದಿನದಿಂದ ಬುತ್ತಿ ಕಟ್ಟುವುದು ನಿಂತಿತು. ಅಜ್ಜಿ ಕಡ್ಡಿಯ ಹತ್ತಿರ ನೇರವಾಗಿ ಮಾತಾಡದೆ ಬೆಕ್ಕಿಗೆ, ಬಾಗಿಲಿಗೆ, ಒಲೆಗೆ ಹೇಳುತ್ತಿದ್ದಳು. "ಸರ್ಕಾರಿ ಸವಾರಿ ಬಂತು, ದಾರಿ ಬಿಡು" ಎಂದು ಬೆಕ್ಕಿಗೆ. "ಮೂಗಿಗಿಂತ ಮೂಗುತಿ ಭಾರ ಆಯ್ತು" ಎಂದು ಒಲೆಗೆ. ಶನಿವಾರ ಬಂದರೆ ಹಿತ್ತಲಲ್ಲಿ ಇಟ್ಟಿಗೆ ಪುಡಿಯ ಸದ್ದು ಮೊದಲಿಗಿಂತ ಜೋರಾಗಿ ಕೇಳುತ್ತಿತ್ತು. ಕಲ್ಲುಗಳನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು.

ಅಮ್ಮ ಎರಡನೇ ದಿನ ಬೆಳಿಗ್ಗೆ ಎಲ್ಲರ ಎದುರೇ ಬುತ್ತಿ ಡಬ್ಬಿ ತೆಗೆದು ರೊಟ್ಟಿ ತುಂಬಿದಳು.

"ನೀನೂ ಅವಳ ಕಡೆಗೇನಾ?" ಎಂದ ಅಪ್ಪ.

"ಇಪ್ಪತ್ತೈದು ವರ್ಷ ಬಾಯಿ ಮುಚ್ಕೊಂಡು ಪೊಟ್ಟಣ ಕಟ್ಟಿದೀನಿ" ಎಂದಳು ಅಮ್ಮ, ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಹಾಕಿ. "ಪೊಟ್ಟಣಾನೂ ಕಟ್ತೀನಿ, ಬುತ್ತೀನೂ ಕಟ್ತೀನಿ. ಅವಳ ಬಾಯಿ ಮಾತ್ರ ಕಟ್ಟಲ್ಲ."

ಶಿಬಿರಕ್ಕೆ ಎರಡು ದಿನ ಇರುವಾಗ ಅಪ್ಪ ಮಗಳ ಪಕ್ಕ ಬಂದು ಕೂತ. ದನಿ ಇಳಿಸಿದ್ದ. "ನೋಡು, ಪ್ರತಿ ವರ್ಷದ ಹಾಗೆ ನಾನು ಪೆಟ್ಟಿಗೆ ತರ್ತೀನಿ. ಕಲ್ಲು ಸರಿಯಾಗೇ ಇದೆ. ನೀನು ತೂಗು, ಪಾಸ್ ಅನ್ನು. ನೀನು ಸುಳ್ಳು ಹೇಳಿದ ಹಾಗೂ ಆಗಲ್ಲ, ಅಜ್ಜಿಗೆ ನೋವೂ ಆಗಲ್ಲ."

"ತರಬೇಡ ಅಪ್ಪಾ. ತಂದ್ರೆ ಹಿಂದಕ್ಕೆ ಕಳಿಸ್ತೀನಿ."

"ಸ್ವಂತ ಅಪ್ಪನ್ನ? ಬೀದಿ ಜನರ ಎದುರು?"

"ಬೀದಿ ಜನರಿಗೆ ತಾನೇ ಕಮ್ಮಿ ಹೋಗಿರೋದು?"

ಅಪ್ಪ ಎದ್ದು ಹೋದ. ಅಣ್ಣ ಮಂಚದಿಂದ ಎದ್ದು ಕೂತು, "ಅವನು ತಂದೇ ತರ್ತಾನೆ. ನೀನು ಕಳಿಸಲ್ಲ. ಬೇಕಾದ್ರೆ ಪಂದ್ಯ" ಎಂದ. ಕಡ್ಡಿಗೆ ಹೆದರಿಕೆಯಾಗಿತ್ತು. ಬಾಯಿ ತಡವರಿಸಿದರೆ ಕೆಲಸ ಹೋಗುತ್ತದೆ, ತಡವರಿಸದಿದ್ದರೆ ಮನೆ ಹೋಗುತ್ತದೆ. ಈ ಎರಡನ್ನೂ ಅವಳು ಚೆನ್ನಾಗಿ ತೂಗಿ ನೋಡಿದ್ದಳು.

ಶಿಬಿರ ಬೀದಿಯ ಕೊನೆಯಲ್ಲಿದ್ದ ಶಾಲೆಯ ಜಗಲಿಯಲ್ಲಿ. ಮೇಜು, ಸರ್ಕಾರದ ತಕ್ಕಡಿ, ಮುದ್ರೆಯ ಉಳಿ, ಸುತ್ತಿಗೆ. ಇನ್ಸ್‌ಪೆಕ್ಟರ್ ಮೇಡಂ ಒಂದು ಕುರ್ಚಿ ಹಿಂದಕ್ಕೆ ಎಳೆದುಕೊಂಡು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಕೂತಿದ್ದರು. ಕಡ್ಡಿ ಕೈಗವಸು ಹಾಕಿಕೊಂಡಳು. ಮೀನಿನವಳ ಕಲ್ಲು ಪಾಸಾಯಿತು. ಹಣ್ಣಿನವನದೂ ಪಾಸಾಯಿತು. ಗುಜರಿಯವನ ಐದು ಕಿಲೋ ಫೇಲಾಯಿತು, ಅವನು ಗೊಣಗಿದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಪ್ಪ, ಸೀಸ ಹೊಯ್ಸಿ ಸರಿಮಾಡಿಸ್ಕೊ" ಎಂದರು ಸೀಸದ ಮೇಷ್ಟ್ರು.

ಅಪ್ಪನ ಸರದಿ ಬಂತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಅಕ್ಕಪಕ್ಕದವರಿಗೆ ಕೇಳಿಸುವಂತೆ ನಕ್ಕ. "ತಗೊಳ್ಳಿ ಮೇಡಂ, ನಮ್ಮದೂ ನೋಡಿ."

ಕಡ್ಡಿ ಮುಚ್ಚಳ ತೆಗೆದಳು. ಕಪ್ಪು ಬಣ್ಣ ಹಾಗೇ ಇತ್ತು. ಕಾಳಿನ ಧೂಳಿಲ್ಲ, ಕೈಯ ಜಿಡ್ಡಿಲ್ಲ. ಮುಚ್ಚಳ ಹಾಕಿದಳು.

"ಇವು ನೀವು ತೂಗೋ ಕಲ್ಲಲ್ಲ. ತೂಗೋ ಕಲ್ಲು ತನ್ನಿ."

ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದವಳು ಅಂದು ನೀವು ಎಂದಳು. ಅಪ್ಪನ ನಗು ಮುಖದಲ್ಲೇ ನಿಂತುಬಿಟ್ಟಿತು. ಹಿಂದೆ ನೋಡುತ್ತಾ ನಿಂತಿದ್ದ ಗಿರಾಕಿ ಇಸ್ತ್ರಿಯವಳು, "ಓಹೋ, ಮನೇಲಿ ಎರಡೆರಡು ಜೊತೆನಾ?" ಎಂದಳು. ಇನ್ಸ್‌ಪೆಕ್ಟರ್ ಮೇಡಂ ಪುಸ್ತಕದಿಂದ ತಲೆ ಎತ್ತಿದರು.

ಆಗ ಸಾಲಿನ ಹಿಂದೆ ಕೋಲಿನ ಸದ್ದಾಯಿತು. ಅಜ್ಜಿ. ಎರಡು ವರ್ಷದಿಂದ ಹೊಸ್ತಿಲು ದಾಟದವಳು ಬೀದಿಯುದ್ದಕ್ಕೂ ನಡೆದು ಬಂದಿದ್ದಳು. ಅವಳ ಹಿಂದೆ ಏದುಸಿರು ಬಿಡುತ್ತಾ, ಭಾರದ ಚೀಲ ಹೊತ್ತ ಅಣ್ಣ. ಅವನು ಹಗಲಲ್ಲಿ ಎದ್ದು ನಡೆಯುವುದನ್ನು ಕಂಡೇ ಕೆಲವರಿಗೆ ಆಶ್ಚರ್ಯವಾಯಿತು. ಅಜ್ಜಿ ಮಗನನ್ನು ಪಕ್ಕಕ್ಕೆ ಸರಿಸಿ ಚೀಲವನ್ನು ಮೇಜಿನ ಮೇಲೆ ಸುರಿದಳು. ಬೆಳ್ಳಿಯಂತೆ ಹೊಳೆಯುವ ಕಲ್ಲುಗಳು ಉರುಳಿದವು.

"ಇಗೋ. ನಾನೇನು ಕಳ್ಳಿಯಲ್ಲ, ಅಟ್ಟದ ಮೇಲೆ ಬಚ್ಚಿಡೋಕೆ. ತೂಗೇ. ಇಡೀ ಬೀದಿ ನೋಡ್ಲಿ, ನಿನ್ನ ಸರ್ಕಾರ ಸರಿಯೋ, ನಿನ್ನಜ್ಜ ಸರಿಯೋ."

ಕಡ್ಡಿ ತೂಗಿದಳು. ಬಾಯಿ ತಡವರಿಸಲಿಲ್ಲ. ಒಂದು ಕಿಲೋ, ಇಪ್ಪತ್ತೈದು ಗ್ರಾಂ ಕಮ್ಮಿ; ಆ ಕೆಲವು ಶನಿವಾರಗಳ ಸಿಟ್ಟು ಇನ್ನೂ ಎರಡು ಗ್ರಾಂ ತಿಂದಿತ್ತು. ಎರಡು ಕಿಲೋ, ನಲವತ್ತೊಂದು ಗ್ರಾಂ ಕಮ್ಮಿ. ಅರ್ಧ ಕಿಲೋ ಕಮ್ಮಿ. ಕಾಲು ಕಿಲೋ ಕಮ್ಮಿ. ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳಿದಳು. ಅಜ್ಜಿ ಮುಳ್ಳನ್ನೇ ನೋಡುತ್ತಿದ್ದಳು. ನಲವತ್ತು ವರ್ಷ ಮುಳ್ಳು ನೋಡಿದವಳಿಗೆ ಮುಳ್ಳು ಸುಳ್ಳು ಹೇಳುತ್ತದೆ ಎನ್ನಲು ಬಾಯಿ ಬರಲಿಲ್ಲ.

"ಅಂದ್ರೆ ನಮಗೆಲ್ಲ ನಲವತ್ತು ವರ್ಷ ಟೋಪಿ" ಎಂದಳು ಇಸ್ತ್ರಿಯವಳು.

ಅಜ್ಜಿ ತಿರುಗಿದಳು. ಮೀನಿನವಳ ಪಕ್ಕದಲ್ಲಿ ಕಾಳಿನ ವ್ಯಾಪಾರಿಯ ಚೀಲವೊಂದು ಬಾಯಿ ತೆರೆದಿತ್ತು. ಕೈ ಹಾಕಿ ಒಂದು ಮುಷ್ಟಿ ತೆಗೆದು, ಸರ್ಕಾರದ ತಕ್ಕಡಿಯ ತಟ್ಟೆಗೆ ಸುರಿದಳು. "ಇದನ್ನೂ ತೂಗು."

ಕಡ್ಡಿ ಮೇಡಂ ಕಡೆ ನೋಡಿದಳು. ಮೇಡಂ ತಲೆಯಾಡಿಸಿದರು.

"ಮೂವತ್ತಾರು ಗ್ರಾಂ."

"ಕಿಲೋಗೆ ಒಂದು ಮುಷ್ಟಿ, ಎರಡು ಕಿಲೋಗೆ ಎರಡು. ಲೆಕ್ಕ ಹಾಕ್ಕೊಳ್ರೋ" ಎಂದಳು ಅಜ್ಜಿ ಸಾಲಿಗೆ. "ಗೊತ್ತಿಲ್ಲದೆ ಕಮ್ಮಿ ತೂಗಿದೆ, ಹೌದು. ಅದು ನನ್ನ ತಪ್ಪು, ತಲೆ ಬಗ್ಗಿಸ್ತೀನಿ. ಆದ್ರೆ ನಾನು ನಿಂತಿದ್ದಾಗ ಯಾರೂ ಕಮ್ಮಿ ತಗೊಂಡು ಹೋಗಿಲ್ಲ. ನಾನು ಕೂತ ಮೇಲಿಂದು ನನ್ನ ಮಗನ್ನ ಕೇಳಿ."

ಅಪ್ಪ ಪೆಟ್ಟಿಗೆಯ ಬೀಗವನ್ನು ನೋಡುತ್ತಾ ನಿಂತ.

ಹನ್ನೆರಡು ವರ್ಷ ಮುದ್ರೆ ಕಾಣದ ಆ ಕಲ್ಲುಗಳ ಮೇಲೆ ಅಡ್ಡಗೆರೆಯ ಮುದ್ರೆ ಬಿತ್ತು. ಇನ್ನು ಅವು ತೂಗುವಂತಿಲ್ಲ. ದಂಡದ ನೋಟೀಸನ್ನು ಬರೆದವಳು ಕಡ್ಡಿಯೇ. ತನ್ನ ನೌಕರಿಯಲ್ಲಿ ಅವಳು ಬರೆದ ಮೊದಲ ನೋಟೀಸಿನಲ್ಲಿ ಮನೆ ವಿಳಾಸದ ಜಾಗದಲ್ಲಿ ತನ್ನದೇ ಮನೆಯ ವಿಳಾಸ ಬರೆದಳು. ಅಪ್ಪ ರುಜು ಹಾಕಿದ. ಹಾಕಿ, ಪೆನ್ನು ವಾಪಸ್ ಕೊಡುವಾಗ, "ಮುಂದಿನ ವರ್ಷಾನೂ ನೀನೇ ಬರ್ತೀಯಾ?" ಎಂದ.

"ಬರ್ತೀನಿ."

"ಬಾ. ನೋಡೋಣ" ಎಂದು ಅಪ್ಪ ಖಾಲಿ ಚೀಲ ಮಡಚಿಕೊಂಡ.

ಸಂಜೆ ಸಾಮಾನು ಕಟ್ಟುವಾಗ ಸೀಸದ ಮೇಷ್ಟ್ರು ಜೇಬಿನಿಂದ ಒಂದು ಕೀಲಿ ತೆಗೆದು ಕೊಟ್ಟರು. ಗಾಜಿನ ಪೆಟ್ಟಿಗೆಯದು. "ಮೇಡಂ ನಿನ್ನ ಹೆಸರು ಬರ್ದಾಯ್ತು. ಸೋಮವಾರದಿಂದ ಬೆಳಿಗ್ಗೆ ನೀನೇ ತೆಗಿ" ಎಂದರು. ಕಡ್ಡಿ ಕೀಲಿಯನ್ನು ಹಿಡಿದುಕೊಂಡಳು. ಖುಷಿಯಾಯಿತು, ಅಳುವೂ ಬಂತು. ಅಳಲಿಲ್ಲ, ಇನ್ನೂ ಕೈಗವಸು ತೆಗೆದಿರಲಿಲ್ಲ.

ಆ ರಾತ್ರಿ ಎಲ್ಲರೂ ಅನ್ನ ಕಲಸುತ್ತಲೇ ಕೂತರು. ಅಜ್ಜಿ ಮಾತ್ರ ತಟ್ಟೆ ಖಾಲಿ ಮಾಡಿದಳು.

ಸೋಮವಾರ ಬೆಳಿಗ್ಗೆ ಕಡ್ಡಿ ಹೊರಡುವಾಗ ಅಂಗಡಿಯಲ್ಲಿ ಅಪ್ಪ ಇರಲಿಲ್ಲ. ಮುಕ್ಕಾಲಿಯನ್ನು ತಕ್ಕಡಿಯ ಹಿಂದಕ್ಕೆ ಎಳೆಸಿಕೊಂಡು ಅಜ್ಜಿ ಕೂತಿದ್ದಳು. ಗೋದಾಮಿನಿಂದ ಚೀಲ ಹೊತ್ತು ತರುವ ಕೆಲಸ ಅಪ್ಪನಿಗೂ ಅಣ್ಣನಿಗೂ ಬಿದ್ದಿತ್ತು. ಅಟ್ಟದ ಕಪ್ಪು ಕಲ್ಲುಗಳು ಕೆಳಗಿಳಿದು ತಕ್ಕಡಿಯ ಪಕ್ಕ ಕೂತಿದ್ದವು. ಅಡ್ಡಗೆರೆ ಬಿದ್ದ ಹಳೆಯವು ಬಾಗಿಲು ಬಡಿಯದಂತೆ ತಡೆಯಾಗಿ ನಿಂತಿದ್ದವು. ಅವೂ ಫಳಫಳ ಹೊಳೆಯುತ್ತಿದ್ದವು. ಶನಿವಾರ ಅವನ್ನು ತಿಕ್ಕಿದ್ದಳು. "ತೂಗೋದಿಲ್ಲ ಅಂದ್ಮೇಲೆ ಸವೆದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದು ಬೆಕ್ಕಿಗೆ ಹೇಳಿದ್ದಳು.

ಮೊದಲ ಗಿರಾಕಿ ಇಸ್ತ್ರಿಯವಳೇ. ಒಂದು ಕಿಲೋ ಕಾಳು ಕೇಳಿದಳು. ಅಜ್ಜಿ ತೂಗಿದಳು. ಮುಳ್ಳು ನೆಟ್ಟಗೆ ನಿಂತಿತು. ಇಸ್ತ್ರಿಯವಳು ಚೀಲ ಒಡ್ಡಿ, ತುಟಿ ಕೊಂಕಿಸಿ ನಿಂತಳು.

ಅಜ್ಜಿ ಚೀಲಕ್ಕೆ ಕೈ ಹಾಕಿದಳು. ಒಂದು ಮುಷ್ಟಿ ತೆಗೆದು, ಸುರಿಯದೆ, ಹೊಸ್ತಿಲಲ್ಲಿದ್ದ ಕಡ್ಡಿಯ ಕಡೆಗೆ ಎತ್ತಿ ಹಿಡಿದಳು. ಏಳು ವಾರದ ಮೇಲೆ ಮನೆಯಲ್ಲಿ ಬೆಕ್ಕಿನ ಹಂಗಿಲ್ಲದೆ ಆಡಿದ ಮೊದಲ ಮಾತು ಅದು.

"ಸರಿಯಾಗಿ ನೋಡ್ಕೊಳೇ. ಬೇಕಿದ್ರೆ ನಿನ್ನ ಪುಸ್ತಕದಲ್ಲೂ ಬರ್ಕೊ. ಇದು ಮಾತ್ರ ನಂದು."